ಕೇಲೆಬ್ ವಿಲಿಯಮ್ಸ್ ಮತ್ತು 68 ಪೆಟ್ಟುಗಳು: ಷಿಕಾಗೊದ ಹೊಸ ಭರವಸೆಗೆ ಆಧಾರವೇನು?

2025ರ ಆಗಸ್ಟ್ 17ರ ಭಾನುವಾರ ರಾತ್ರಿ ಷಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ಬೇರ್ಸ್ ಮತ್ತು ಬಫಲೋ ಬಿಲ್ಸ್ ತಂಡಗಳ ನಡುವೆ ನಡೆದದ್ದು ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಋತುವಿಗೆ (ಸೀಸನ್) ಮುಂಚಿನ ಅಭ್ಯಾಸ ಪಂದ್ಯ. ಈ ಬರಹವೂ ಆ ಹೊತ್ತಿನದು, 2025ರ ಋತು ಶುರುವಾಗುವ ಮುಂಚಿನದು. ಅದರ ಫಲಿತಾಂಶ ಯಾವ ಅಂಕಪಟ್ಟಿಗೂ ಸೇರುವುದಿಲ್ಲ. ಬಿಲ್ಸ್ ತನ್ನ ಬಹುತೇಕ ಪ್ರಮುಖ ಆಟಗಾರರನ್ನು ಅಂದು ಕಣಕ್ಕೆ ಇಳಿಸಲೂ ಇಲ್ಲ. ಆದರೂ ಬೇರ್ಸ್‌ನ 23 ವರ್ಷದ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ತಮ್ಮ ಮೊದಲ ಸರದಿಯಲ್ಲೇ ತಂಡವನ್ನು 92 ಗಜ ಮುಂದಕ್ಕೆ ನಡೆಸಿ, ಒಲಮಿಡೆ ಜಕೇಯಸ್ ಅವರಿಗೆ 36 ಗಜದ ಟಚ್‌ಡೌನ್ (ಎದುರಾಳಿಯ ಗೋಲ್ ಗೆರೆ ದಾಟಿ ಗಳಿಸುವ ಅಂಕ) ಎಸೆದಾಗ ಷಿಕಾಗೊ ಸಂಭ್ರಮಿಸಿದ್ದು ನಿಜವಾದ ಗೆಲುವನ್ನು ಕಂಡಂತೆಯೇ. ಪಂದ್ಯ 38-0ರಲ್ಲಿ ಮುಗಿಯಿತು. ಸೆಪ್ಟೆಂಬರ್ 8ರಂದು ಮಿನೆಸೋಟ ವೈಕಿಂಗ್ಸ್ ವಿರುದ್ಧ 2025ರ ಋತು ಆರಂಭವಾಗಲಿದೆ. ಅಲ್ಲಿಯವರೆಗೆ ಆ ಒಂದು ಸರದಿಯ ದೃಶ್ಯವನ್ನು ಬೇರ್ಸ್ ಅಭಿಮಾನಿಗಳು ಮತ್ತೆ ಮತ್ತೆ ನೋಡುತ್ತಲೇ ಇರುತ್ತಾರೆ.

ಮೀಸಲು ಆಟಗಾರರ ಎದುರು ಆಡಿದ ಹತ್ತು ಎಸೆತಗಳಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಈ ಉತ್ಸಾಹವನ್ನು ಪಕ್ಕಕ್ಕೆ ಸರಿಸುವುದು ಸುಲಭ. ನನಗೆ ಅದು ಸರಿಯೆನಿಸುವುದಿಲ್ಲ. ಈ ವರ್ಷದ ಭರವಸೆಗೆ ಗಟ್ಟಿಯಾದ ಕಾರಣಗಳಿವೆ. ಆದರೆ ಆ ಕಾರಣಗಳು ಇರುವ ಜಾಗವೇ ಬೇರೆ, ಹೆಚ್ಚಿನ ಅಭಿಮಾನಿಗಳು ನೋಡುತ್ತಿರುವ ಜಾಗವೇ ಬೇರೆ. ವಿಲಿಯಮ್ಸ್ ಅವರ ತೋಳಿನಲ್ಲಿ ಎಷ್ಟು ಬಲವಿದೆ ಎಂಬ ಬಗ್ಗೆ ಒಂದು ವರ್ಷದ ಹಿಂದೆಯೂ ಯಾರಿಗೂ ಸಂಶಯವಿರಲಿಲ್ಲ, ಈಗಲೂ ಇಲ್ಲ. ಬದಲಾಗಿರುವುದು ಅವರ ಮುಂದೆ ನಿಲ್ಲುವ ಐದು ಜನ ಮತ್ತು ಅವರ ಕಿವಿಯಲ್ಲಿ ಮಾತನಾಡುವ ಒಬ್ಬ ವ್ಯಕ್ತಿ. ಭರವಸೆಯನ್ನು ಅಳೆಯುವುದಾದರೆ ಅಲ್ಲಿಂದಲೇ ಅಳೆಯಬೇಕು.

ಅಮೆರಿಕನ್ ಫುಟ್‌ಬಾಲ್‌ನ ಪರಿಚಯ ಹೆಚ್ಚಿಲ್ಲದವರಿಗಾಗಿ ಒಂದೆರಡು ಮಾತು ಅಗತ್ಯ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶಗಳಿರುತ್ತವೆ. ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಯಾರಿಗೆ, ಎಲ್ಲಿಗೆ, ಯಾವ ಕ್ಷಣದಲ್ಲಿ ಕೊಡಬೇಕೆಂದು ಆತ ಸುಮಾರು ಮೂರು ಸೆಕೆಂಡುಗಳೊಳಗೆ ತೀರ್ಮಾನಿಸಬೇಕು. ಆ ಮೂರು ಸೆಕೆಂಡುಗಳನ್ನು ಆತನಿಗೆ ಗಳಿಸಿಕೊಡುವವರು ಮುಂದೆ ಗೋಡೆಯಂತೆ ನಿಲ್ಲುವ ಐವರು ಲೈನ್‌ಮನ್‌ಗಳು. ಗೋಡೆ ಒಡೆದು ಎದುರಾಳಿಗಳು ಚೆಂಡು ಕೈಯಲ್ಲಿರುವಾಗಲೇ ಆತನನ್ನು ಕೆಡವಿದರೆ ಅದು ಸ್ಯಾಕ್. ಒಂದು ಸ್ಯಾಕ್‌ನಿಂದ ಆರೇಳು ಗಜ ಕೈತಪ್ಪುವುದಷ್ಟೇ ಅಲ್ಲ, ಒಂದು ಅವಕಾಶವೂ ಹೋಗುತ್ತದೆ. 10 ಗಜ ಬೇಕಿದ್ದ ಕಡೆ 17 ಗಜ ಬೇಕಾಗುತ್ತದೆ, ಎದುರಾಳಿಗೆ ಮುಂದಿನ ಎಸೆತ ಯಾವ ಬಗೆಯದೆಂದು ಮೊದಲೇ ತಿಳಿದುಬಿಡುತ್ತದೆ. ಋತುವಿನಲ್ಲಿ ಒಂದು ತಂಡಕ್ಕೆ ಇರುವುದು 17 ಪಂದ್ಯಗಳು ಮಾತ್ರ. ಹೀಗಾಗಿ ಒಂದೊಂದು ಸರದಿಯ ಬೆಲೆಯೂ ದೊಡ್ಡದು. ಇಷ್ಟು ಹೊಣೆ ಒಬ್ಬನ ಮೇಲೆ ಬೀಳುವ ಸ್ಥಾನ ತಂಡದ ಆಟಗಳಲ್ಲಿ ವಿರಳ. ಅದರಿಂದಲೇ ಒಬ್ಬ ಯುವ ಕ್ವಾರ್ಟರ್‌ಬ್ಯಾಕ್ ಬಂದಾಗ ಒಂದು ಇಡೀ ನಗರ ತನ್ನ ಹತ್ತು ವರ್ಷಗಳ ಭವಿಷ್ಯವನ್ನು ಆತನಲ್ಲಿ ಕಾಣತೊಡಗುತ್ತದೆ.

ಷಿಕಾಗೊ ಈ ವಿಷಯದಲ್ಲಿ ಬಹಳ ಕಾಲದಿಂದ ಹಸಿದ ನಗರ. 1920ರಲ್ಲಿ ಜಾರ್ಜ್ ಹ್ಯಾಲಸ್ ಕಟ್ಟಿದ, ಲೀಗಿನಷ್ಟೇ ಹಳೆಯದಾದ ಈ ತಂಡಕ್ಕೆ ಸಿಕ್ಕ ನಿಸ್ಸಂಶಯವಾಗಿ ಶ್ರೇಷ್ಠನಾದ ಕ್ವಾರ್ಟರ್‌ಬ್ಯಾಕ್ ಸಿಡ್ ಲಕ್ಮನ್. ಅವರ ಕಾಲ 1940ರ ದಶಕ. 1985ರ ಋತುವಿನಲ್ಲಿ ಬೇರ್ಸ್ ಗೆದ್ದ ಒಂದೇ ಒಂದು ಸೂಪರ್ ಬೌಲ್‌ನ (ಲೀಗಿನ ಅಂತಿಮ ಪಂದ್ಯ) ತಂಡವನ್ನು ನೆನೆದರೆ ಮೊದಲು ನೆನಪಿಗೆ ಬರುವುದು ಅದರ ರಕ್ಷಣಾ ಪಡೆ ಮತ್ತು ಓಟಗಾರ ವಾಲ್ಟರ್ ಪೇಟನ್. ಒಂದೇ ಋತುವಿನಲ್ಲಿ 4,000 ಗಜ ಎಸೆದ ಕ್ವಾರ್ಟರ್‌ಬ್ಯಾಕ್ ಇಲ್ಲದ ಏಕೈಕ ತಂಡ ಇಂದಿಗೂ ಬೇರ್ಸ್ ಆಗಿದೆ. 2025ರ ಋತು ಶುರುವಾಗುವವರೆಗೆ ತಂಡದ ದಾಖಲೆ 1995ರಲ್ಲಿ ಎರಿಕ್ ಕ್ರೇಮರ್ ಎಸೆದ 3,838 ಗಜವಾಗಿತ್ತು; ಮೂವತ್ತು ವರ್ಷ ಅದು ಹಾಗೆಯೇ ನಿಂತಿತ್ತು. ಉತ್ತರಕ್ಕೆ ಕೆಲವೇ ಗಂಟೆಗಳ ದಾರಿಯಲ್ಲಿರುವ ಬದ್ಧವೈರಿ ಗ್ರೀನ್ ಬೇ ಪ್ಯಾಕರ್ಸ್ ಇದೇ ಅವಧಿಯಲ್ಲಿ 1992ರಿಂದ ಬ್ರೆಟ್ ಫಾರ್ವ್, 2008ರಿಂದ ಆರನ್ ರಾಜರ್ಸ್, 2023ರಿಂದ ಜೋರ್ಡನ್ ಲವ್ ಎಂದು ಮೂರು ಹೆಸರುಗಳಲ್ಲಿ ಮೂರು ದಶಕಗಳನ್ನು ದಾಟಿತು. ಬೇರ್ಸ್‌ನಲ್ಲಿ ಅಷ್ಟರೊಳಗೆ ಹತ್ತಾರು ಕ್ವಾರ್ಟರ್‌ಬ್ಯಾಕ್‌ಗಳು ಬಂದು ಹೋದರು. ಹ್ಯಾಲಸ್ ಅವರ ಮಗಳು, ತಂಡದ ಒಡತಿ ವರ್ಜೀನಿಯಾ ಮೆಕ್ಯಾಸ್ಕಿ 2025ರ ಫೆಬ್ರವರಿಯಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಲಕ್ಮನ್ ಆಡಿದ್ದನ್ನು ತಾರುಣ್ಯದಲ್ಲಿ ಕಂಡಿದ್ದ ಆ ಹಿರಿಯ ಜೀವ ಅಂಥ ಇನ್ನೊಬ್ಬನನ್ನು ಕಾಣಲಿಲ್ಲ.

ಈ ಹಿನ್ನೆಲೆಯಲ್ಲಿ 2024ರ ಏಪ್ರಿಲ್‌ನಲ್ಲಿ ಬಂದವರು ವಿಲಿಯಮ್ಸ್. 2022ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪರ ಆಡುತ್ತ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದಿದ್ದ ಅವರು ಡ್ರಾಫ್ಟ್‌ನ, ಅಂದರೆ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಯ, ಮೊದಲ ಆಯ್ಕೆ. ಆ ಮೊದಲ ಆಯ್ಕೆ ಬೇರ್ಸ್ ಕೈಗೆ ಬಂದ ದಾರಿಯೂ ಅಭಿಮಾನಿಗಳ ನಂಬಿಕೆಯನ್ನು ಹೆಚ್ಚಿಸಿತ್ತು. ತಂಡದ ವ್ಯವಸ್ಥಾಪಕ ರಯಾನ್ ಪೋಲ್ಸ್ 2023ರ ಮೊದಲ ಆಯ್ಕೆಯನ್ನು ಕ್ಯಾರೊಲೈನಾ ಪ್ಯಾಂಥರ್ಸ್‌ಗೆ ಬಿಟ್ಟುಕೊಟ್ಟು, ಬದಲಿಗೆ ಚೆಂಡು ಹಿಡಿಯುವ ಆಟಗಾರ ಡಿ.ಜೆ. ಮೂರ್ ಅವರನ್ನೂ ಆ ವರ್ಷದ ಹಾಗೂ ಮುಂದಿನ ವರ್ಷಗಳ ಹಲವು ಆಯ್ಕೆಗಳನ್ನೂ ಪಡೆದಿದ್ದರು. ಪ್ಯಾಂಥರ್ಸ್ ಆ ವರ್ಷ ಎರಡೇ ಪಂದ್ಯ ಗೆದ್ದಿತು. ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ ಸಿಗುವುದರಿಂದ ಅದರ 2024ರ ಆಯ್ಕೆ ಇಡೀ ಡ್ರಾಫ್ಟ್‌ನಲ್ಲೇ ಮೊದಲನೆಯದಾಗಿ ಬೇರ್ಸ್ ಪಾಲಾಯಿತು. ಇಷ್ಟು ಒಳ್ಳೆಯ ವ್ಯವಹಾರದ ಕೊನೆಯಲ್ಲಿ ಇಷ್ಟು ಪ್ರತಿಭಾವಂತ ಹುಡುಗ ಸಿಕ್ಕಾಗ, ದೀರ್ಘ ಕಾಯುವಿಕೆ ಮುಗಿಯಿತೆಂದು ನಂಬಿದ್ದಕ್ಕೆ ಯಾರನ್ನು ತಾನೇ ದೂರಲಾದೀತು?

ಋತು ಶುರುವಾದ ರೀತಿಯೂ ಆ ನಂಬಿಕೆಗೆ ತಕ್ಕಂತಿತ್ತು. ಮೊದಲ ಆರರಲ್ಲಿ ನಾಲ್ಕು ಪಂದ್ಯಗಳನ್ನು ಬೇರ್ಸ್ ಗೆದ್ದಿತು. ಅಕ್ಟೋಬರ್ 27ರಂದು ವಾಷಿಂಗ್ಟನ್‌ನಲ್ಲಿ ಕೊನೆಯ ಅರ್ಧ ನಿಮಿಷದಲ್ಲಿ ಟಚ್‌ಡೌನ್ ಗಳಿಸಿ 15-12ರಿಂದ ಮುಂದಿದ್ದ ತಂಡ, ಸಮಯ ಮುಗಿದ ಮೇಲೆ ಗಾಳಿಯಲ್ಲಿದ್ದ ಜೇಡನ್ ಡೇನಿಯಲ್ಸ್ ಅವರ ಉದ್ದನೆಯ ಎಸೆತವೊಂದು ಕೈಯಿಂದ ಕೈಗೆ ಪುಟಿದು ಟಚ್‌ಡೌನ್ ಆದಾಗ 18-15ರಿಂದ ಸೋತಿತು. ಅಲ್ಲಿಂದ ಸತತ ಹತ್ತು ಸೋಲುಗಳು. ಗ್ರೀನ್ ಬೇ ವಿರುದ್ಧ 20-19ರ ಅಂತರದಲ್ಲಿ, ಗೆಲುವು ತರಬೇಕಿದ್ದ ಕೊನೆಯ ಕಿಕ್ ತಡೆಯಲ್ಪಟ್ಟು ಸೋತರು. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯ್ಟ್‌ನಲ್ಲಿ 32 ಸೆಕೆಂಡುಗಳೂ ಒಂದು ಟೈಮ್‌ಔಟೂ ಉಳಿದಿರುವಾಗ ಏನು ಮಾಡಬೇಕೆಂದು ತೋಚದೆ ಗಡಿಯಾರ ಓಡಿಹೋಗಲು ಬಿಟ್ಟು 23-20ರಿಂದ ಸೋತರು. ಮರುದಿನವೇ ಮುಖ್ಯ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಅವರನ್ನು ತೆಗೆದುಹಾಕಲಾಯಿತು. ಋತುವಿನ ನಡುವೆ ಮುಖ್ಯ ಕೋಚ್‌ನನ್ನು ಕಳುಹಿಸಿದ್ದು ಬೇರ್ಸ್ ಇತಿಹಾಸದಲ್ಲೇ ಮೊದಲು. ಆಕ್ರಮಣ ವಿಭಾಗದ ಹೊಣೆ ಹೊತ್ತಿದ್ದ ಶೇನ್ ವಾಲ್ಡ್ರನ್ ಅದಕ್ಕೂ ಹದಿನೈದು ದಿನಗಳಿಗೆ ಮುಂಚೆಯೇ ಹೋಗಿದ್ದರು. ಕೊನೆಯ ಪಂದ್ಯದಲ್ಲಿ ಗ್ರೀನ್ ಬೇಯನ್ನು ಅದರ ನೆಲದಲ್ಲೇ 24-22ರಿಂದ ಮಣಿಸಿದ್ದಷ್ಟೇ ಸಮಾಧಾನ. ಒಟ್ಟು ಲೆಕ್ಕ 5 ಗೆಲುವು, 12 ಸೋಲು.

ಡ್ರಾಫ್ಟ್‌ನಲ್ಲಿ ವಿಲಿಯಮ್ಸ್‌ಗಿಂತ ಒಂದು ಸ್ಥಾನ ಹಿಂದೆ ಆಯ್ಕೆಯಾಗಿದ್ದ ಅದೇ ಡೇನಿಯಲ್ಸ್ ವಾಷಿಂಗ್ಟನ್ ತಂಡವನ್ನು 12 ಗೆಲುವುಗಳಿಗೂ ಸೂಪರ್ ಬೌಲ್‌ಗೆ ಒಂದು ಹೆಜ್ಜೆ ಮುಂಚಿನ ಸಮ್ಮೇಳನದ (ಕಾನ್ಫರೆನ್ಸ್) ಅಂತಿಮ ಪಂದ್ಯಕ್ಕೂ ಒಯ್ದದ್ದು ಷಿಕಾಗೊದ ನೋವನ್ನು ಇಮ್ಮಡಿಗೊಳಿಸಿತು. ತಪ್ಪು ಹುಡುಗನನ್ನು ಆರಿಸಿದೆವೇ ಎಂಬ ಪ್ರಶ್ನೆ ಚಳಿಗಾಲದುದ್ದಕ್ಕೂ ಕೇಳಿಬಂತು.

ಈ ಪ್ರಶ್ನೆಗೆ ಉತ್ತರ ಹುಡುಕುವವರು ವಿಲಿಯಮ್ಸ್ ಅವರ ಅಂಕಿಅಂಶಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು, 562 ಎಸೆತಗಳಲ್ಲಿ ಎದುರಾಳಿಯ ಕೈಗೆ ಹೋದದ್ದು ಆರು ಮಾತ್ರ. ಸತತ 353 ಎಸೆತಗಳಲ್ಲಿ ಒಂದನ್ನೂ ಎದುರಾಳಿಗೆ ಕೊಡದೆ ಅವರು ಲೀಗಿಗೆ ಹೊಸದಾಗಿ ಬಂದವರ ದಾಖಲೆಯನ್ನೇ ಬರೆದರು. ಎರಡನೆಯದು, ಅವರು 68 ಸಲ ಸ್ಯಾಕ್ ಆದರು. ಪ್ರತಿ ಪಂದ್ಯಕ್ಕೆ ಸರಿಯಾಗಿ ನಾಲ್ಕು. ಎಸೆಯಲು ಹಿಂದಕ್ಕೆ ಸರಿದ ಪ್ರತಿ ಒಂಬತ್ತು ಸಲದಲ್ಲಿ ಒಮ್ಮೆ ನೆಲಕ್ಕೆ. ಲೀಗಿನ ಇತಿಹಾಸದಲ್ಲಿ ಒಂದೇ ಋತುವಿನಲ್ಲಿ ಇದಕ್ಕಿಂತ ಹೆಚ್ಚು ಪೆಟ್ಟು ತಿಂದವರು ಇಬ್ಬರೇ: 2002ರಲ್ಲಿ 76 ಸಲ ಬಿದ್ದ ಡೇವಿಡ್ ಕಾರ್, 1986ರಲ್ಲಿ 72 ಸಲ ಬಿದ್ದ ರ್‍ಯಾಂಡಲ್ ಕನ್ನಿಂಗ್‌ಹ್ಯಾಮ್.

ಮೊದಲನೆಯ ಸಂಖ್ಯೆಯನ್ನು ಹೊಗಳಿ, ಎರಡನೆಯದಕ್ಕೆ ಲೈನ್‌ಮನ್‌ಗಳನ್ನು ಬೈಯುವುದು ರೂಢಿ. ನನ್ನ ಎಣಿಕೆಯಲ್ಲಿ ಅವೆರಡೂ ಒಂದೇ ಮರದ ಹಣ್ಣುಗಳು. ತಪ್ಪು ಮಾಡಬಾರದೆಂಬ ಎಚ್ಚರಿಕೆ ಮಿತಿಮೀರಿದಾಗ, ಪೂರ್ತಿ ತೆರವಾಗಿ ಕಾಣುವ ಜೊತೆಗಾರನಿಗಾಗಿ ಕ್ವಾರ್ಟರ್‌ಬ್ಯಾಕ್ ಕಾಯುತ್ತಾನೆ. ಈ ಮಟ್ಟದ ಆಟದಲ್ಲಿ ಪೂರ್ತಿ ತೆರವಾಗಿ ಯಾರೂ ಸಿಗುವುದಿಲ್ಲ, ಜೊತೆಗಾರ ತೆರವಾಗುವ ಮೊದಲೇ ಆತ ತಲುಪಲಿರುವ ಜಾಗಕ್ಕೆ ಚೆಂಡನ್ನು ಕಳುಹಿಸಬೇಕಾಗುತ್ತದೆ. ಕಾಲೇಜಿನಲ್ಲಿ ವಿಲಿಯಮ್ಸ್ ಅವರ ಹೆಗ್ಗಳಿಕೆಯೇ ಕಾಯುವುದಾಗಿತ್ತು. ಸುತ್ತ ಎಲ್ಲ ಕುಸಿದಾಗಲೂ ಹಿಂದಕ್ಕೆ ಓಡಿ, ಬದಿಗೆ ತಿರುಗಿ, ಎದುರಾಳಿಗಳಿಂದ ತಪ್ಪಿಸಿಕೊಂಡು, ಐದಾರು ಸೆಕೆಂಡುಗಳ ಬಳಿಕ ಯಾರೂ ನಿರೀಕ್ಷಿಸದ ಕೋನದಿಂದ ಎಸೆದು ಜನರನ್ನು ಬೆರಗುಗೊಳಿಸುತ್ತಿದ್ದರು. ಅದೇ ಓಟವನ್ನು ಇಲ್ಲಿ ಓಡಿದಾಗ ಬೆನ್ನಟ್ಟುವವರು ಅವರಷ್ಟೇ ವೇಗದವರು. ಏಳು ಗಜದ ನಷ್ಟ ಹದಿನೈದು ಗಜದ್ದಾಗುತ್ತಿತ್ತು.

ಹಾಗೆಂದು ಲೈನ್‌ಮನ್‌ಗಳು ನಿರ್ದೋಷಿಗಳೆಂದಲ್ಲ. ಗಾಯಗಳಿಂದಾಗಿ ಅವರ ಸಾಲು ವಾರ ವಾರಕ್ಕೂ ಬದಲಾಗುತ್ತಿತ್ತು; ಒಳಗಿನ ಮೂರು ಸ್ಥಾನಗಳಲ್ಲಿ ಎದುರಾಳಿಗಳು ನೇರವಾಗಿ ನುಗ್ಗಿ ಬರುತ್ತಿದ್ದರು. ಇದಕ್ಕೆ ಮುಂಚಿನ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್ ಕೂಡ 2022ರಲ್ಲಿ 55 ಸಲ ಸ್ಯಾಕ್ ಆಗಿದ್ದರು; ಅದೇ ಋತುವಿನಲ್ಲಿ 1,143 ಗಜ ಓಡಿದ್ದ ಆ ಅಸಾಮಾನ್ಯ ಓಟಗಾರನನ್ನೂ ಕಾಪಾಡಲು ತಂಡಕ್ಕೆ ಆಗಿರಲಿಲ್ಲ. ಹನ್ನೊಂದನೆಯ ಆಯ್ಕೆಯಾಗಿ ಬಂದ ಫೀಲ್ಡ್ಸ್ ಅವರನ್ನು ಮೂರು ವರ್ಷಗಳ ಬಳಿಕ ಒಂದು ಆರನೆಯ ಸುತ್ತಿನ ಆಯ್ಕೆಗೆ ಬಿಟ್ಟುಕೊಡಬೇಕಾಯಿತು. ಇಬ್ಬರು ಬೇರೆ ಬೇರೆ ಬಗೆಯ ಹುಡುಗರು ಒಂದೇ ಜಾಗದಲ್ಲಿ ಒಂದೇ ರೀತಿ ನೆಲಕ್ಕೆ ಬಿದ್ದರೆ ಅದನ್ನು ಹುಡುಗರ ದೋಷವೆಂದಷ್ಟೇ ಹೇಳಿ ಮುಗಿಸಲಾಗದು. 2025ರ ಮೇ ತಿಂಗಳಲ್ಲಿ ಹೊರಬಂದ ಒಂದು ವರದಿ, ಮೊದಲ ವರ್ಷ ಪಂದ್ಯಗಳ ದೃಶ್ಯಗಳನ್ನು ಅಭ್ಯಸಿಸಲು ವಿಲಿಯಮ್ಸ್‌ಗೆ ಸರಿಯಾದ ಮಾರ್ಗದರ್ಶನವೇ ಸಿಕ್ಕಿರಲಿಲ್ಲವೆಂದು ಹೇಳಿದಾಗ ಅಭಿಮಾನಿಗಳಿಗೆ ಸಿಟ್ಟು ಬಂದದ್ದು ಸಹಜ. ವಿಲಿಯಮ್ಸ್ ಅದಕ್ಕೆ ತಮ್ಮದೇ ವಿವರಣೆ ಕೊಟ್ಟರು. ಆದರೆ ಒಂದೇ ಋತುವಿನಲ್ಲಿ ಮೇಲಿನವರೆಲ್ಲ ಬದಲಾದ ತಂಡದಲ್ಲಿ ಇಪ್ಪತ್ತೆರಡರ ಹುಡುಗನೊಬ್ಬ ಆಟ ಕಲಿಯುವುದು ಎಂಥ ಪರಿಸ್ಥಿತಿಯಲ್ಲಿ ಎಂಬುದನ್ನು ಊಹಿಸಲು ವರದಿಯೇ ಬೇಕಿಲ್ಲ.

ಕಾರ್ ಮತ್ತು ಕನ್ನಿಂಗ್‌ಹ್ಯಾಮ್ ಇಬ್ಬರ ಮುಂದಿನ ದಾರಿ ಇಲ್ಲಿ ಕಲಿಸುವಂತಿದೆ. ಕಾರ್ ಕೂಡ ವಿಲಿಯಮ್ಸ್‌ರಂತೆ ಮೊದಲ ಆಯ್ಕೆಯಾಗಿ ಹೊಸ ತಂಡವಾದ ಹೂಸ್ಟನ್ ಟೆಕ್ಸನ್ಸ್ ಸೇರಿದವರು. ಐದು ವರ್ಷಗಳಲ್ಲಿ 249 ಸಲ ಸ್ಯಾಕ್ ಆದ ಅವರು ಅಲ್ಲಿ ಸೋಲಿಗಿಂತ ಗೆಲುವು ಹೆಚ್ಚಿದ್ದ ಒಂದು ಋತುವನ್ನೂ ಕಾಣಲಿಲ್ಲ. ಕಣ್ಣು ಜೊತೆಗಾರರ ಮೇಲಿರಬೇಕಾದಲ್ಲಿ ನುಗ್ಗಿ ಬರುವವರ ಮೇಲೆ ನೆಟ್ಟುಹೋಗುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟವೆಂಬುದಕ್ಕೆ ಅವರ ಹೆಸರನ್ನೇ ಇಂದಿಗೂ ಉದಾಹರಿಸುತ್ತಾರೆ. ಕನ್ನಿಂಗ್‌ಹ್ಯಾಮ್ ಅದಕ್ಕೆ ತದ್ವಿರುದ್ಧ. ಎರಡನೆಯ ವರ್ಷ 72 ಸಲ ಬಿದ್ದ ಅವರು ಎರಡೇ ವರ್ಷಗಳಲ್ಲಿ ಲೀಗಿನ ಅತ್ಯುತ್ತಮರ ಸಾಲಿಗೆ ಸೇರಿದರು. ಹಾಗಾಗಿ 68 ಎಂಬ ಸಂಖ್ಯೆಯೇ ಯಾರ ಹಣೆಬರಹವನ್ನೂ ಬರೆಯುವುದಿಲ್ಲ. ಆ ನಂತರ ಏನು ಮಾಡುತ್ತಾರೆ ಎಂಬುದು ಬರೆಯುತ್ತದೆ.

ಬೇರ್ಸ್ ಮಾಡಿದ್ದು ಎರಡು ಕೆಲಸ. ಮೊದಲನೆಯದು ಗೋಡೆಯನ್ನು ಹೊಸದಾಗಿ ಕಟ್ಟಿದ್ದು. ನಾಲ್ಕು ಸೂಪರ್ ಬೌಲ್ ಗೆದ್ದ ಜೋ ತೂನಿ ಅವರನ್ನು ಕ್ಯಾನ್ಸಸ್ ಸಿಟಿಯಿಂದ, ಜೋನಾ ಜಾಕ್ಸನ್ ಅವರನ್ನು ಲಾಸ್ ಏಂಜಲೀಸ್ ರ್‍ಯಾಮ್ಸ್‌ನಿಂದ, ಸೆಂಟರ್ (ಸಾಲಿನ ನಡುವೆ ನಿಂತು ಚೆಂಡನ್ನು ಕ್ವಾರ್ಟರ್‌ಬ್ಯಾಕ್‌ಗೆ ಕೊಡುವವರು) ಡ್ರೂ ಡಾಲ್ಮನ್ ಅವರನ್ನು ಅಟ್ಲಾಂಟದಿಂದ ತಂದರು. ಒಳಗಿನ ಮೂರು ಸ್ಥಾನಗಳೂ ಒಂದೇ ಬೇಸಿಗೆಯಲ್ಲಿ ಬದಲಾದವು. ಬಲಬದಿಯಲ್ಲಿ ಡಾರ್ನೆಲ್ ರೈಟ್ ಇದ್ದಾರೆ. ಎಡಬದಿ ಮಾತ್ರ ಇನ್ನೂ ತೆರೆದ ಪ್ರಶ್ನೆ: 2024ರ ಡಿಸೆಂಬರ್‌ನಲ್ಲಿ ಕಾಲಿನ ಮೂಳೆ ಮುರಿದುಕೊಂಡಿದ್ದ ಬ್ರ್ಯಾಕ್ಸ್‌ಟನ್ ಜೋನ್ಸ್, ಈ ವರ್ಷದ ಡ್ರಾಫ್ಟ್‌ನಲ್ಲಿ ಬಂದ ಆಸಿ ಟ್ರಪಿಲೊ ಮತ್ತು ಇತರರ ನಡುವೆ ಆ ಸ್ಥಾನಕ್ಕೆ ಬೇಸಿಗೆಯುದ್ದಕ್ಕೂ ಪೈಪೋಟಿ ನಡೆದಿದೆ. ಬಲಗೈಯಿಂದ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಡಬದಿಯೇ ಬೆನ್ನು. ಆತನಿಗೆ ಕಾಣದ ದಿಕ್ಕು. ಅಭಿಮಾನಿಗಳ ಸಂಭ್ರಮದ ನಡುವೆ ಹೆಚ್ಚು ಗಮನ ಸಿಗದ ಈ ಸ್ಥಾನವೇ ನನಗೆ ಅತಿಹೆಚ್ಚು ಆತಂಕ ತರುತ್ತದೆ.

ಎರಡನೆಯ ಕೆಲಸ ಜನವರಿಯಲ್ಲಿ ಬೆನ್ ಜಾನ್ಸನ್ ಅವರನ್ನು ಮುಖ್ಯ ಕೋಚ್ ಆಗಿ ಕರೆತಂದದ್ದು. ಕಾಲೇಜಿನಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಓದಿದ ಜಾನ್ಸನ್ ಹಿಂದಿನ ಮೂರು ವರ್ಷ ಡೆಟ್ರಾಯ್ಟ್ ಲಯನ್ಸ್‌ನ ಆಕ್ರಮಣ ವಿಭಾಗವನ್ನು ನಡೆಸಿದವರು. 2024ರಲ್ಲಿ ಆ ತಂಡ 564 ಅಂಕ ಗಳಿಸಿತು, ಲೀಗಿನಲ್ಲೇ ಅತಿಹೆಚ್ಚು. ಅದೇ ವರ್ಷ ಬೇರ್ಸ್ ಗಳಿಸಿದ್ದು 310. ಜಾನ್ಸನ್ ಅವರ ಆಟದ ಸ್ವಭಾವ ಎದುರಾಳಿಗೆ ಒಂದನ್ನು ತೋರಿಸಿ ಇನ್ನೊಂದನ್ನು ಮಾಡುವುದು. ಚೆಂಡು ಆಡುವ ಮೊದಲೇ ಆಟಗಾರರನ್ನು ಆಚೀಚೆ ಚಲಿಸುವಂತೆ ಮಾಡಿ ಎದುರಾಳಿಯ ಯೋಜನೆಯನ್ನು ಬಯಲಿಗೆ ತರುವುದು, ಓಟಗಾರನಿಗೆ ಚೆಂಡು ಕೊಟ್ಟಂತೆ ನಟಿಸಿ ಎಸೆಯುವುದು, ಕ್ವಾರ್ಟರ್‌ಬ್ಯಾಕ್ ಕಣ್ಣು ಮೊದಲು ಎಲ್ಲಿ ಬೀಳಬೇಕು ಎಂಬುದನ್ನು ಮುಂಚೆಯೇ ನಿಶ್ಚಯಿಸಿಡುವುದು. ಇದರ ಫಲವಾಗಿ ತೀರ್ಮಾನದ ಭಾರ ಹಗುರವಾಗಿ ಚೆಂಡು ಬೇಗ ಕೈಬಿಡುತ್ತದೆ. ಕಾಯುವ ಚಟವಿರುವ ವಿಲಿಯಮ್ಸ್‌ಗೆ ಬೇಕಿದ್ದ ಔಷಧ ಇದೇ. ಆದರೆ ಔಷಧ ಕಹಿ ಕೂಡ. ಕಾಲೇಜಿನಲ್ಲಿ ಹೆಚ್ಚುಕಡಿಮೆ ಸದಾ ಸೆಂಟರ್‌ನಿಂದ ಐದು ಗಜ ಹಿಂದೆ ನಿಂತೇ ಆಡಿದ ವಿಲಿಯಮ್ಸ್ ಈಗ ಸೆಂಟರ್‌ಗೆ ಅಂಟಿ ನಿಂತು ಚೆಂಡು ಪಡೆದು, ಬೆನ್ನು ತಿರುಗಿಸಿ ಹಿಂದೆ ಸರಿದು, ಮತ್ತೆ ತಲೆ ಎತ್ತಿ ಮೈದಾನವನ್ನು ಓದಬೇಕು. ಹೆಜ್ಜೆಗಳ ಎಣಿಕೆಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕಲಿಯುವ ಹುಡುಗ ಮೊದಲ ತಿಂಗಳಲ್ಲೇ ಮಿಂಚಬೇಕೆಂದು ಬಯಸುವುದು ಆತನಿಗೆ ಮಾಡುವ ಅನ್ಯಾಯ.

ಇಲ್ಲಿ ಷಿಕಾಗೊ ತನ್ನದೇ ನೆನಪೊಂದನ್ನು ಮರೆಯಬಾರದು. 2017ರಲ್ಲಿ ಎರಡನೆಯ ಆಯ್ಕೆಯಾಗಿ ಮಿಚೆಲ್ ಟ್ರುಬಿಸ್ಕಿ ಬಂದರು; ಅದೇ ಡ್ರಾಫ್ಟ್‌ನ ಹತ್ತನೆಯ ಆಯ್ಕೆ ಪ್ಯಾಟ್ರಿಕ್ ಮಹೋಮ್ಸ್ ಎಂಬುದನ್ನು ಆ ನಗರಕ್ಕೆ ನೆನಪಿಸಬೇಕಿಲ್ಲ. ಮೊದಲ ವರ್ಷ ಕುಂಟುತ್ತ ಸಾಗಿತು. ಎರಡನೆಯ ವರ್ಷಕ್ಕೆ ಆಕ್ರಮಣದಲ್ಲಿ ಪರಿಣತರೆನಿಸಿದ ಹೊಸ ಕೋಚ್ ಮ್ಯಾಟ್ ನ್ಯಾಗಿ ಬಂದರು, ಹೊಸ ಜೊತೆಗಾರರು ಬಂದರು, ಬೇರ್ಸ್ 12 ಪಂದ್ಯ ಗೆದ್ದಿತು, ನ್ಯಾಗಿ ವರ್ಷದ ಕೋಚ್ ಎನಿಸಿದರು. ಪ್ಲೇಆಫ್‌ನಲ್ಲಿ ಕೊನೆಯ ಕಿಕ್ ಕಂಬಕ್ಕೂ ಅಡ್ಡಪಟ್ಟಿಗೂ ಬಡಿದು 16-15ರಿಂದ ಸೋತಾಗಲೂ, ಮುಂದಿನ ಹತ್ತು ವರ್ಷ ನಮ್ಮದೇ ಎಂದು ಜನ ನಂಬಿದ್ದರು. ಎರಡು ವರ್ಷಗಳಲ್ಲಿ ಎಲ್ಲ ಮುಗಿಯಿತು. ಆ 12 ಗೆಲುವುಗಳನ್ನು ತಂದದ್ದು ಬಹುಪಾಲು ಖಲೀಲ್ ಮ್ಯಾಕ್ ಇದ್ದ ರಕ್ಷಣಾ ಪಡೆ. ಲೀಗಿನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟು, ಅತಿಹೆಚ್ಚು ಸಲ ಚೆಂಡು ಕಸಿದುಕೊಂಡ ತಂಡವದು. ಎದುರಾಳಿಯಿಂದ ಕಸಿದ ಚೆಂಡುಗಳು ಮರುವರ್ಷವೂ ಅದೇ ಪ್ರಮಾಣದಲ್ಲಿ ಸಿಗುವುದು ಅಪರೂಪ. ಅವು ಕಡಿಮೆಯಾದಾಗ ಕ್ವಾರ್ಟರ್‌ಬ್ಯಾಕ್ ಎಷ್ಟು ಬೆಳೆದಿದ್ದಾನೆ ಎಂಬುದು ಬಯಲಾಯಿತು. ಭರವಸೆ ಇಟ್ಟದ್ದು ತಪ್ಪಲ್ಲ. ಗೆಲುವುಗಳನ್ನು ಎಣಿಸಿ ಅವುಗಳ ಕೀರ್ತಿಯನ್ನು ತಪ್ಪು ವಿಳಾಸಕ್ಕೆ ಕಳುಹಿಸಿದ್ದು ತಪ್ಪಾಗಿತ್ತು.

ಯುವ ಕ್ವಾರ್ಟರ್‌ಬ್ಯಾಕ್‌ಗಳ ಎರಡನೆಯ ವರ್ಷದ ಇತಿಹಾಸವೂ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಟ್ರೆವರ್ ಲಾರೆನ್ಸ್ 2021ರಲ್ಲಿ 12 ಟಚ್‌ಡೌನ್, 17 ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಎಸೆತ) ಎಸೆದವರು, ಕೋಚ್ ಬದಲಾದ ಮೇಲೆ 2022ರಲ್ಲಿ 25 ಮತ್ತು 8ಕ್ಕೆ ಬಂದರು. ಸಿ.ಜೆ. ಸ್ಟ್ರೌಡ್ ಮೊದಲ ವರ್ಷವೇ 4,108 ಗಜ ಎಸೆದು ಲೀಗನ್ನು ಬೆರಗುಗೊಳಿಸಿ, ಕಳೆದ ವರ್ಷ ಮುಂದಿನ ಗೋಡೆ ಕುಸಿದಾಗ 52 ಸಲ ನೆಲಕ್ಕೆ ಬಿದ್ದು 3,727ಕ್ಕೆ ಇಳಿದರು. ಜೋಶ್ ಅಲೆನ್‌ಗೆ ಮೂರನೆಯ ವರ್ಷದವರೆಗೆ ಕಾಯಬೇಕಾಯಿತು. ಮೊದಲ ವರ್ಷ 52.8 ಇದ್ದ ಅವರ ಎಸೆತದ ಯಶಸ್ಸಿನ ಪ್ರಮಾಣ ಮೂರನೆಯ ವರ್ಷ ಶೇಕಡಾ 69.2 ತಲುಪಿತು. ಈ ಉದಾಹರಣೆಗಳಿಂದ ಒಂದು ನಿಯಮವನ್ನು ಹಿಂಡಿ ತೆಗೆಯಲಾಗದಿದ್ದರೂ ಒಂದು ಎಳೆ ಕಾಣುತ್ತದೆ. ಹುಡುಗನ ಸುತ್ತಲಿನದು ಸುಧಾರಿಸಿದಾಗ ಹುಡುಗ ಸುಧಾರಿಸುತ್ತಾನೆ. ಅದು ಕೆಟ್ಟಾಗ ಪ್ರತಿಭೆಯೊಂದೇ ಆತನನ್ನು ಎತ್ತಿ ಹಿಡಿಯುವುದಿಲ್ಲ.

ಬೇರ್ಸ್‌ಗೆ ಹೋಲುವ ಉದಾಹರಣೆ ನನಗೆ ಕಾಣುವುದು ಜಾರೆಡ್ ಗಾಫ್ ಅವರಲ್ಲಿ. 2016ರ ಮೊದಲ ಆಯ್ಕೆಯಾಗಿ ರ್‍ಯಾಮ್ಸ್ ಸೇರಿದ ಗಾಫ್ ಮೊದಲ ವರ್ಷ ಆರಂಭಿಸಿದ ಏಳು ಪಂದ್ಯಗಳನ್ನೂ ಸೋತು, ಅಷ್ಟರಲ್ಲೇ 26 ಸಲ ಸ್ಯಾಕ್ ಆಗಿದ್ದರು. 2017ಕ್ಕೆ ಶಾನ್ ಮೆಕ್‌ವೇ ಕೋಚ್ ಆಗಿ ಬಂದರು. ಎಲ್ಲರಿಗೂ ನೆನಪಿರುವುದು ಇಷ್ಟೇ. ಅದೇ ಬೇಸಿಗೆಯಲ್ಲಿ ಎಡಬದಿಗೆ ಆಂಡ್ರ್ಯೂ ವಿಟ್‌ವರ್ತ್, ಸೆಂಟರ್ ಸ್ಥಾನಕ್ಕೆ ಜಾನ್ ಸಲಿವನ್ ಎಂಬ ಇಬ್ಬರು ಅನುಭವಿಗಳೂ ಬಂದಿದ್ದರು. ಆ ವರ್ಷ 15 ಪಂದ್ಯಗಳಲ್ಲಿ 25 ಸ್ಯಾಕ್, 28 ಟಚ್‌ಡೌನ್, 7 ಇಂಟರ್‌ಸೆಪ್ಷನ್; ತಂಡಕ್ಕೆ 11 ಗೆಲುವು. ಮುಂದೆ ರ್‍ಯಾಮ್ಸ್ ತಂಡ ಗಾಫ್ ಮೇಲಿನ ನಂಬಿಕೆ ಕಳೆದುಕೊಂಡು 2021ರಲ್ಲಿ ಡೆಟ್ರಾಯ್ಟ್‌ಗೆ ಕಳುಹಿಸಿತು. ಅಲ್ಲಿ ಅದೇ ಗಾಫ್ ಅವರನ್ನು ಜಾನ್ಸನ್ ಇನ್ನೊಮ್ಮೆ ಕಟ್ಟಿದರು; 2024ರಲ್ಲಿ ಅವರು 4,629 ಗಜ ಎಸೆದರು, ನೂರಕ್ಕೆ 72.4 ಎಸೆತಗಳು ಗುರಿ ಮುಟ್ಟಿದವು. ಆದರೆ ಡೆಟ್ರಾಯ್ಟ್‌ನಲ್ಲಿ ಜಾನ್ಸನ್‌ಗೆ ಲೀಗಿನ ಅತ್ಯುತ್ತಮ ಲೈನ್‌ಮನ್ ಸಾಲುಗಳಲ್ಲೊಂದು ಸಿದ್ಧವಾಗಿ ಸಿಕ್ಕಿತ್ತು. ಷಿಕಾಗೊದಲ್ಲಿ ಅದು ಈಗಷ್ಟೇ ಸೇರಿದ ಅಪರಿಚಿತರ ಸಾಲು. ಮುಖ್ಯ ಕೋಚ್ ಹುದ್ದೆಯೂ ಅವರಿಗೆ ಇದೇ ಮೊದಲು.

ಈ ಆತುರಕ್ಕೆ ಹಣದ ಲೆಕ್ಕವೂ ಒಂದು ಕಾರಣ. ಹೊಸಬರ ವೇತನಕ್ಕೆ ಲೀಗಿನಲ್ಲಿ 2011ರಿಂದ ಮಿತಿಯಿದೆ. ವಿಲಿಯಮ್ಸ್ ಅವರ ನಾಲ್ಕು ವರ್ಷದ ಒಪ್ಪಂದದ ಒಟ್ಟು ಮೊತ್ತ ಸುಮಾರು 3.95 ಕೋಟಿ ಡಾಲರ್. ಅನುಭವಿ ಡ್ಯಾಕ್ ಪ್ರೆಸ್ಕಾಟ್‌ಗೆ ಡಲ್ಲಾಸ್ ಸರಾಸರಿ ಒಂದೇ ವರ್ಷಕ್ಕೆ ಕೊಡುವುದು 6 ಕೋಟಿ. ಪ್ರತಿ ತಂಡದ ಒಟ್ಟು ವೇತನಕ್ಕೂ ಮಿತಿ ಇರುವುದರಿಂದ, ಕ್ವಾರ್ಟರ್‌ಬ್ಯಾಕ್ ಅಗ್ಗದ ಒಪ್ಪಂದದಲ್ಲಿರುವ ವರ್ಷಗಳಲ್ಲಿಯೇ ತೂನಿಯಂಥವರನ್ನು ಕೊಳ್ಳಲು ಸಾಧ್ಯ. 2026ರ ಋತು ಮುಗಿದ ಮೇಲೆ ಹೊಸ ಒಪ್ಪಂದದ ಮಾತು ಶುರುವಾಗಬಹುದು. ಅಂದರೆ ಈ ಹುಡುಗನೇ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಬೇರ್ಸ್‌ಗಿರುವುದು ಎರಡು ಋತುಗಳು. ಅಭಿಮಾನಿಗಳ ತಾಳ್ಮೆಗಿಂತ ಈ ಗಡಿಯಾರ ಹೆಚ್ಚು ಕಟುವಾದದ್ದು.

ಹಾಗಾದರೆ ಯಾವ ಗುರುತನ್ನು ನೋಡಬೇಕು? ಎಲ್ಲರ ಬಾಯಲ್ಲಿರುವುದು 4,000 ಗಜ. ಅಷ್ಟಕ್ಕೆ ಪಂದ್ಯಕ್ಕೆ 235 ಗಜ ಬೇಕು. ಕಳೆದ ವರ್ಷ ವಿಲಿಯಮ್ಸ್ ಎಸೆದದ್ದು 208. ವ್ಯತ್ಯಾಸ 27 ಗಜ, ಒಂದೆರಡು ಒಳ್ಳೆಯ ಎಸೆತಗಳಷ್ಟು. ಅಂದರೆ ಈ ಮೈಲಿಗಲ್ಲು ಕಾಣುವಷ್ಟು ದೂರವಿಲ್ಲ. ಅದನ್ನು ಮುಟ್ಟಿದರೆ ಷಿಕಾಗೊದ ಇತಿಹಾಸಕ್ಕೆ ದೊಡ್ಡ ಸಂಗತಿಯಾದರೂ, ಸೋಲುತ್ತಿರುವ ತಂಡ ಹೆಚ್ಚು ಎಸೆಯಬೇಕಾದಾಗಲೂ ಅದು ಬರಬಹುದು. ಜಾನ್ಸನ್ ತಾವೇ ಹೇಳಿರುವ ಗುರಿ ನೂರಕ್ಕೆ 70 ಎಸೆತಗಳು ಕೈಸೇರುವುದು. ಕಳೆದ ವರ್ಷ ಅದು 62.5 ಇತ್ತು. ಒಂದೇ ವರ್ಷದಲ್ಲಿ ಅಷ್ಟು ಏರುವುದು ಕಷ್ಟ. ನಾನು ಎಣಿಸುವುದು ಸ್ಯಾಕ್‌ಗಳನ್ನು. 68 ಎಂಬುದು 40ಕ್ಕೆ ಇಳಿದರೆ 28 ಅವಕಾಶಗಳು ಮರಳಿ ಬರುತ್ತವೆ, ಜೊತೆಗೆ ಕಳೆದುಹೋಗುತ್ತಿದ್ದ ನೂರಾರು ಗಜಗಳೂ ಉಳಿಯುತ್ತವೆ. ಇಂಟರ್‌ಸೆಪ್ಷನ್‌ಗಳು ಆರರಿಂದ ಹತ್ತಕ್ಕೆ ಏರಿದರೂ ಸ್ಯಾಕ್‌ಗಳು ಇಳಿದರೆ ವಿಲಿಯಮ್ಸ್ ಬೆಳೆಯುತ್ತಿದ್ದಾರೆ ಎಂದೇ ತಿಳಿಯುತ್ತೇನೆ. ಚೆಂಡನ್ನು ನಂಬಿ ಕೈಬಿಡುವವನಿಗೆ ಕೆಲವು ತಪ್ಪುಗಳು ಆಗಲೇಬೇಕು. ಟೈಟ್ ಎಂಡ್ ಕೋಲ್ಸ್‌ಟನ್ ಲವ್‌ಲೆಂಡ್, ರಿಸೀವರ್ ಲೂಥರ್ ಬರ್ಡನ್ ಅವರಂಥ ಹೊಸಬರನ್ನು ಈ ವರ್ಷ ತಂದಿರುವುದೂ ಬೇಗ ಎಸೆದ ಚೆಂಡನ್ನು ಹಿಡಿಯುವ ಕೈಗಳು ಹೆಚ್ಚಲೆಂದೇ.

ಗೆಲುವುಗಳ ಸಂಖ್ಯೆಯಂತೂ ಈ ವರ್ಷ ಅವರನ್ನು ಅಳೆಯಲು ಸರಿಯಾದ ಕೋಲಲ್ಲ. ಬೇರ್ಸ್ ಇರುವ ಉತ್ತರ ವಿಭಾಗದಲ್ಲಿ ಕಳೆದ ವರ್ಷ ಲಯನ್ಸ್ 15, ವೈಕಿಂಗ್ಸ್ 14, ಪ್ಯಾಕರ್ಸ್ 11 ಪಂದ್ಯ ಗೆದ್ದಿದ್ದವು. ಈ ಮೂವರೊಂದಿಗೆ ಎರಡೆರಡು ಸಲ ಆಡಬೇಕಾದ ತಂಡ, ನಿಜವಾಗಿ ಉತ್ತಮಗೊಂಡರೂ ಏಳೆಂಟು ಗೆಲುವುಗಳಲ್ಲಿ ಉಳಿದುಬಿಡಬಹುದು. ನವೆಂಬರ್ ಹೊತ್ತಿಗೆ ಅಂಥ ಸ್ಥಿತಿ ಬಂದರೆ, ಇಂದು ಹೊತ್ತು ಮೆರೆಸುತ್ತಿರುವ ಹುಡುಗನನ್ನು ಅದೇ ಜನ ಕೆಳಗಿಳಿಸಬಾರದೆಂಬುದು ನನ್ನ ಮನಸ್ಸಿನಿಂದ ಬರುವ ಬಿನ್ನಹ. ಟ್ರುಬಿಸ್ಕಿಯನ್ನು ಸ್ವಂತ ಮೈದಾನದಲ್ಲೇ ಕೂಗಿ ಹಂಗಿಸಿದ ದಿನಗಳನ್ನು ನೆನೆದರೆ ಈ ಭಯ ಸುಮ್ಮನೆ ಬಂದದ್ದಲ್ಲ.

ವೈಕಿಂಗ್ಸ್ ವಿರುದ್ಧದ ಮೊದಲ ಪಂದ್ಯ ಅಲ್ಲಿಯ ಸೋಮವಾರ ರಾತ್ರಿ, ನಮ್ಮಲ್ಲಿ ಮಂಗಳವಾರ ಬೆಳಗಿನ 5.45ಕ್ಕೆ. ಬೆಂಗಳೂರಿನಲ್ಲಿ ಎದ್ದು ಕೂರುವವರೂ, ಷಿಕಾಗೊದ ಉಪನಗರಗಳಲ್ಲಿ ಮಕ್ಕಳೊಂದಿಗೆ ಟಿವಿ ಮುಂದೆ ಕೂರುವ ಕನ್ನಡಿಗರೂ ಅಂಕಫಲಕದಿಂದ ಆಗಾಗ ಕಣ್ಣು ತೆಗೆದು, ಮೂರನೆಯ ಅವಕಾಶದಲ್ಲಿ ಏಳೆಂಟು ಗಜ ಬೇಕಿರುವಾಗ ವಿಲಿಯಮ್ಸ್ ಕೈಯಿಂದ ಚೆಂಡು ಯಾವಾಗ ಹೊರಡುತ್ತದೆ ಎಂಬುದನ್ನು ಗಮನಿಸಲಿ. ವೈಕಿಂಗ್ಸ್ ರಕ್ಷಣೆಯನ್ನು ನಡೆಸುವ ಬ್ರಯನ್ ಫ್ಲೋರೆಸ್ ಲೀಗಿನಲ್ಲಿ ಅತಿಹೆಚ್ಚು ಮಂದಿಯನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವವರಲ್ಲಿ ಒಬ್ಬರು. ಹೊಸ ಗೋಡೆಗೂ ಹೊಸ ಅಭ್ಯಾಸಕ್ಕೂ ಇದಕ್ಕಿಂತ ಕಠಿಣ ಪರೀಕ್ಷೆ ಮೊದಲ ವಾರದಲ್ಲಿ ಸಿಗುವಂತಿಲ್ಲ. ಆರು ದಿನಗಳ ಬಳಿಕ, ಸೆಪ್ಟೆಂಬರ್ 14ರಂದು, ಬೇರ್ಸ್ ಡೆಟ್ರಾಯ್ಟ್‌ಗೆ ಹೋಗುತ್ತದೆ. ಜಾನ್ಸನ್ ತಾವು ಬಿಟ್ಟುಬಂದ ಮೈದಾನದ ಎದುರು ಬದಿಯಲ್ಲಿ ನಿಲ್ಲುತ್ತಾರೆ. ಒಂದು ಕಡೆ ಅವರು ಈಗ ಕಟ್ಟಲು ಹೊರಟಿರುವ ಕ್ವಾರ್ಟರ್‌ಬ್ಯಾಕ್, ಇನ್ನೊಂದು ಕಡೆ ಅವರು ಕಟ್ಟಿ ಮುಗಿಸಿದ ಜಾರೆಡ್ ಗಾಫ್.